ಮೊದಲು ‘ನಿಲ್ಲಿಸಿ’ ಅಂತ ಬರೆದು ನೋಡಿ: ಅಡಿಕೆ ಡ್ರೈಯರ್‌ನ ಪರದೆಗೆ ಯಾವ ಗ್ರಾಫಿಕ್ಸ್?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಡಿಪ್ಲೊಮಾ ಮುಗಿಸಿ ಊರಲ್ಲೇ ಇದ್ದೇನೆ. ಕಟ್ಟಿಗೆ ಒಲೆಯ ಅಡಿಕೆ ಡ್ರೈಯರ್‌ಗೆ ಒಂದು ಕಂಟ್ರೋಲರ್ ಮಾಡಿದ್ದೇನೆ. ರಾಸ್ಪ್‌ಬೆರಿ ಪೈ 4, ಅದೇ ಕಂಪನಿಯ 7 ಇಂಚಿನ ಟಚ್ ಪರದೆ, ಲಿನಕ್ಸ್. ಈಗ ಕ್ರೋಮಿಯಂ ಬ್ರೌಸರ್ ಫುಲ್‌ಸ್ಕ್ರೀನ್ ಮಾಡಿ ಅದರಲ್ಲಿ ಒಂದು ಪೇಜ್ ತೋರಿಸ್ತಿದ್ದೇನೆ. ಕರೆಂಟ್ ಹೋಗಿ ಬಂದಾಗ ಪರದೆ ಬರೋಕೆ ತುಂಬಾ ಹೊತ್ತು ಹಿಡಿಯುತ್ತೆ. ಸಣ್ಣ ಚಿಪ್‌ಗಳ ಪರದೆಗೆ ಮಾಡಿದ ಎಲ್‌ವಿಜಿಎಲ್ ಅನ್ನೋ ಗ್ರಾಫಿಕ್ಸ್ ಲೈಬ್ರರಿ ಹಾಕಿ ನೋಡಿದೆ. ಬೇಗ ಬಂತು, ಆದರೆ ಕನ್ನಡ ಅಕ್ಷರ ಒಡೆದು ಬಂತು. ಎಕ್ಸ್, ವೇಲ್ಯಾಂಡ್, ಫ್ರೇಮ್‌ಬಫರ್, ಕ್ಯೂಟಿ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇದಕ್ಕೆಲ್ಲ ಒಂದು ಸ್ಟ್ಯಾಂಡರ್ಡ್ ಅಂತ ಇಲ್ವಾ? ಮುಂದೆ ಬೇರೆ ಬೋರ್ಡ್ ಹಾಕಿದರೆ ಎಲ್ಲ ಮತ್ತೆ ಬರೀಬೇಕಾ? ಇನ್ನೊಂದು ಸಣ್ಣ ವಿಷಯ: ಡಬ್ಬಿಯಲ್ಲಿ ಪರದೆ ತಲೆಕೆಳಗಾಗಿ ಕೂತಿದೆ. ಚಿತ್ರ ತಿರುಗಿಸಿದೆ, ಟಚ್ ಮಾತ್ರ ಉಲ್ಟಾನೇ ಇದೆ.

ಉತ್ತರ: ಒಂದೇ ಸ್ಟ್ಯಾಂಡರ್ಡ್ ಇಲ್ಲ. ಇರೋದು ಮಹಡಿಗಳು. ನೀವು ಹೇಳಿದ ನಾಲ್ಕು ಹೆಸರು ಒಂದೇ ಮಹಡಿಯವಲ್ಲ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳಿದ ಹಾಗೆ ಕೇಳಿಸಿದೆ. ಮಹಡಿ ಮಹಡಿಯ ನಡುವೆ ಒಂದು ಒಪ್ಪಂದ ಇರುತ್ತದೆ. ನಿಮ್ಮ ಪ್ರೋಗ್ರಾಂ ಆ ಒಪ್ಪಂದಗಳನ್ನು ಮಾತ್ರ ನಂಬಿಕೊಂಡಿದ್ದರೆ ಬೋರ್ಡ್ ಬದಲಾದರೂ ಉಳಿಯುತ್ತದೆ. ಒಂದು ಮಹಡಿ ಹಾರಿ ನೇರ ಕೆಳಗೆ ಕೈ ಹಾಕಿದರೆ ಬೋರ್ಡಿನ ಜೊತೆ ಅದೂ ಹೋಗುತ್ತದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹಿಂದೆ ಒಂದು ಅಳತೆ ಯಂತ್ರಕ್ಕೆ ಪರದೆಯ ಪ್ರೋಗ್ರಾಂ ಬರೆದಿದ್ದೆ. ಲಿನಕ್ಸ್‌ನ ಹಳೆಯ ಫ್ರೇಮ್‌ಬಫರ್ ಅಂದರೆ ಪರದೆಯ ಪಿಕ್ಸೆಲ್‌ಗಳೆಲ್ಲ ಇರುವ ಮೆಮೊರಿ, ‘ಎಫ್‌ಬಿ0’ ಅನ್ನೋ ಫೈಲ್ ಆಗಿ ಕಾಣುತ್ತದೆ. ಅದನ್ನು ತೆರೆದು, ಮೆಮೊರಿಗೆ ಜೋಡಿಸಿಕೊಂಡು, ಪಿಕ್ಸೆಲ್ ಪಿಕ್ಸೆಲ್ ನಾನೇ ಬರೆಯುತ್ತಿದ್ದೆ. 800 ಅಡ್ಡ, 480 ಉದ್ದ, ಒಂದು ಪಿಕ್ಸೆಲ್‌ಗೆ 16 ಬಿಟ್. ತುಂಬಾ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಆ ಪರದೆ ಮಾರುಕಟ್ಟೆಯಲ್ಲಿ ಸಿಗೋದು ನಿಂತಿತು. ಹೊಸ ಪರದೆ ತಂದು ಹಾಕಿದೆವು. ಅಳತೆ ಅಷ್ಟೇ, ಆದರೆ ಒಂದು ಪಿಕ್ಸೆಲ್‌ಗೆ 32 ಬಿಟ್. ಸ್ವಿಚ್ ಹಾಕಿದರೆ ಪರದೆಯ ಮೇಲರ್ಧದಲ್ಲಿ ಒಂದೇ ಚಿತ್ರ ಅಕ್ಕಪಕ್ಕ ಎರಡು ಸಲ, ಬಣ್ಣ ಎಲ್ಲ ಕೆಟ್ಟು. ಕೆಳಗಿನ ಅರ್ಧ ಬರೀ ಕಪ್ಪು. ಯಾಕೆ ಹೀಗೆ ಅಂದರೆ, ನಾನು ಬರೆದ ಒಂದು ಸಾಲು 1,600 ಬೈಟ್. ಹೊಸ ಪರದೆಯ ಒಂದು ಸಾಲಿಗೆ 3,200 ಬೈಟ್ ಬೇಕು. ಹಾಗಾಗಿ ನನ್ನ ಎರಡು ಸಾಲು ಅದರ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತವು. ‘16 ಬಿಟ್’ ಅನ್ನೋ ನಂಬಿಕೆ ಪ್ರೋಗ್ರಾಮಿನ ಮೂಲೆಮೂಲೆಯಲ್ಲೂ ಹೊಕ್ಕಿತ್ತು. ಬಿಡಿಸೋದಕ್ಕಿಂತ ಹೊಸದಾಗಿ ಬರೆಯೋದೇ ಸುಲಭವಾಯಿತು.

ನೀವು ಆ ದಾರಿಗೆ ಹೋಗಬೇಡಿ. ಒಂದೊಂದೇ ಮಹಡಿ ಹತ್ತೋಣ.

ಎಲ್ಲಕ್ಕಿಂತ ಕೆಳಗಿರೋದು ಕರ್ನಲ್, ಅಂದರೆ ಯಂತ್ರಭಾಗಗಳನ್ನು ನೇರ ನಡೆಸುವ ಲಿನಕ್ಸ್‌ನ ತಿರುಳು. ಅಲ್ಲಿ ಇವತ್ತಿನ ಒಪ್ಪಂದದ ಹೆಸರು ಡಿಆರ್‌ಎಂ, ಅದರ ಜೊತೆಗೆ ಕೆಎಂಎಸ್. ಪರದೆ ಎಷ್ಟು ದೊಡ್ಡದು, ಯಾವ ಬಣ್ಣದ ಕ್ರಮ, ಯಾವ ಚಿತ್ರವನ್ನು ಯಾವಾಗ ತೋರಿಸಬೇಕು ಅನ್ನೋದನ್ನೆಲ್ಲ ಇದೇ ನೋಡಿಕೊಳ್ಳುತ್ತದೆ. ಕೆಎಂಎಸ್ 2009ರಲ್ಲಿ ಲಿನಕ್ಸ್ 2.6.29ರ ಜೊತೆ ಬಂತು. ಹಳೆಯ ಫ್ರೇಮ್‌ಬಫರ್ ಈಗಲೂ ಕಾಣಿಸುತ್ತದೆ. ಆದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಅದು ಡಿಆರ್‌ಎಂ ಮೇಲೆ ಕೂತ ಒಂದು ಹೊದಿಕೆ ಅಷ್ಟೇ. ಹಳೇ ಪ್ರೋಗ್ರಾಂ ನಡೀಲಿ ಅಂತ ಇಟ್ಟಿದ್ದಾರೆ. ಹೊಸ ಪರದೆಗಳ ಡ್ರೈವರ್ ಬರೆಯೋರು ಡಿಆರ್‌ಎಂಗೇ ಬರೆಯುತ್ತಾರೆ. ಹೊಸ ಕೆಲಸವನ್ನು ಫ್ರೇಮ್‌ಬಫರ್ ಮೇಲೆ ಶುರು ಮಾಡೋದು ಬೇಡ.

ಬೆರಳಿನ ಕಡೆಗೂ ಇಂಥದ್ದೇ ಒಪ್ಪಂದ ಇದೆ. ಟಚ್, ಬಟನ್, ಕೀಬೋರ್ಡ್ ಏನೇ ಇರಲಿ, ಕರ್ನಲ್ ಅದನ್ನು ಒಂದೇ ಥರದ ‘ಇನ್‌ಪುಟ್ ಈವೆಂಟ್’ ಮಾಡಿ ಕೊಡುತ್ತದೆ. ಅದನ್ನು ಓದಿ ಹದ ಮಾಡೋದು ಲಿಬ್‌ಇನ್‌ಪುಟ್ ಅನ್ನೋ ಲೈಬ್ರರಿ. ಇದರ ಲಾಭ ಆಮೇಲೆ ಹೇಳ್ತೇನೆ.

ಅದರ ಮೇಲಿನ ಮಹಡಿ ಎಕ್ಸ್ ಮತ್ತು ವೇಲ್ಯಾಂಡ್‌ನದು. ಒಂದೇ ಪರದೆಯನ್ನು ಹಲವು ಪ್ರೋಗ್ರಾಂಗಳು ಹಂಚಿಕೊಳ್ಳಬೇಕಾದಾಗ ಇವು ಬೇಕು. ಎಕ್ಸ್ ಹುಟ್ಟಿದ್ದು 1984ರಲ್ಲಿ, ಎಂಐಟಿಯಲ್ಲಿ. ಈಗಲೂ ಬಳಸುವ 11ನೇ ಆವೃತ್ತಿ 1987ರದ್ದು. ಆ ಕಾಲದಲ್ಲಿ ದೊಡ್ಡ ಕಂಪ್ಯೂಟರ್ ಒಂದು ಕಡೆ, ಪರದೆ ಇನ್ನೊಂದು ಕಡೆ ಇರುತ್ತಿತ್ತು. ಅದಕ್ಕೆ ತಕ್ಕ ಹಾಗೆ ಕಟ್ಟಿದ್ದು. ವೇಲ್ಯಾಂಡ್ ಅನ್ನು ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ 2008ರಲ್ಲಿ ಶುರು ಮಾಡಿದರು, 1.0 ಬಂದಿದ್ದು 2012ರಲ್ಲಿ. ಅದರಲ್ಲಿ ಪ್ರತಿ ಪ್ರೋಗ್ರಾಂ ತನ್ನ ಚಿತ್ರವನ್ನು ತಾನೇ ಬರೆದು ಕೊಡುತ್ತದೆ. ಕಂಪೋಸಿಟರ್ ಅನ್ನೋದು ಅವನ್ನೆಲ್ಲ ಸೇರಿಸಿ ಪರದೆಗೆ ಹಾಕುತ್ತದೆ. ನಡುವೆ ಕೆಲಸ ಕಡಿಮೆ. ಕಾರುಗಳ ಪರದೆಗೆ ಮಾಡಿದ ಆಟೋಮೋಟಿವ್ ಗ್ರೇಡ್ ಲಿನಕ್ಸ್ ಕೂಡ ವೇಲ್ಯಾಂಡ್ ಮೇಲೇ ನಿಂತಿದೆ. ನಿಮ್ಮ ರಾಸ್ಪ್‌ಬೆರಿ ಪೈ ಓಎಸ್ ಕೂಡ 2023ರ ಬುಕ್‌ವರ್ಮ್ ಆವೃತ್ತಿಯಿಂದ ಪೈ 4ರಲ್ಲಿ ವೇಲ್ಯಾಂಡ್ ಡೆಸ್ಕ್‌ಟಾಪ್‌ಗೆ ಬಂದಿದೆ.

ಆದರೆ ನಿಮ್ಮ ಡಬ್ಬಿಯಲ್ಲಿ ಇರೋದು ಒಂದೇ ಪ್ರೋಗ್ರಾಂ ಅಲ್ವಾ? ಹಂಚಿಕೊಳ್ಳೋಕೆ ಇನ್ನೊಬ್ಬರೇ ಇಲ್ಲ. ಹಾಗಿದ್ದರೆ ಈ ಮಹಡಿಯೇ ಬೇಡ. ಡೆಸ್ಕ್‌ಟಾಪ್ ಪೂರ್ತಿ ತೆಗೆದುಬಿಡಿ. ನೀವು ಈಗ ಕಾಯ್ತಿರೋ ಹೊತ್ತಿನಲ್ಲಿ ಜಾಸ್ತಿ ಪಾಲು ಆ ಡೆಸ್ಕ್‌ಟಾಪ್ ಮತ್ತು ಬ್ರೌಸರ್‌ನದೇ. ಮುಂದೆ ಯಾವತ್ತಾದರೂ ಎರಡನೇ ಪ್ರೋಗ್ರಾಂ ಬಂದರೆ, ಕ್ಯಾಮೆರಾ ತೋರಿಸೋದೋ ಮತ್ತೊಂದೋ, ಆಗ ವೆಸ್ಟನ್ ಅನ್ನೋ ಚಿಕ್ಕ ಕಂಪೋಸಿಟರ್ ಹಾಕಿದರೆ ಆಯಿತು. ವೆಸ್ಟನ್‌ನಲ್ಲಿ 2020ರಿಂದ ಇಂಥ ಯಂತ್ರಗಳಿಗೆಂದೇ ‘ಕಿಯಾಸ್ಕ್’ ಅನ್ನೋ ವ್ಯವಸ್ಥೆಯೂ ಇದೆ.

ಇನ್ನು ಮೇಲಿನ ಮಹಡಿ. ಬಟನ್, ಅಕ್ಷರ, ಗ್ರಾಫ್ ಎಲ್ಲ ಬರೆಯುವ ಟೂಲ್‌ಕಿಟ್. ನನ್ನ ಪ್ರಕಾರ ಇಲ್ಲಿ ನಿರ್ಧಾರ ಮಾಡಬೇಕಾದ್ದು ವೇಗ ಅಲ್ಲ, ಕನ್ನಡ.

ನೀವು ನೋಡಿದ ‘ಒಡೆದ ಅಕ್ಷರ’ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಊರಿನ ಹೆಸರನ್ನೇ ತಗೊಳ್ಳಿ, ತೀರ್ಥಹಳ್ಳಿ. ಓದುವಾಗ ನಮಗೆ ಕಾಣೋದು ನಾಲ್ಕು ಅಕ್ಷರ: ತೀ, ರ್ಥ, ಹ, ಳ್ಳಿ. ಕಂಪ್ಯೂಟರ್ ಒಳಗೆ ಇರೋದು 10 ಯೂನಿಕೋಡ್ ಸಂಕೇತ. ತ, ಅದರ ದೀರ್ಘ, ರ, ವಿರಾಮ (ಸ್ವರ ತೆಗೆಯುವ ಗುರುತು), ಥ, ಹ, ಳ, ವಿರಾಮ, ಮತ್ತೆ ಳ, ಕೊನೆಗೆ ಗುಡಿಸು. ಈ 10ನ್ನು 4 ಮಾಡೋದು ಒಂದು ಪ್ರತ್ಯೇಕ ಕೆಲಸ. ‘ರ’ ಮೊದಲು ಬಂದರೂ ಅದನ್ನು ಅರ್ಕಾವತ್ತು ಮಾಡಿ ‘ಥ’ದ ಬಲಕ್ಕೆ ಕೂರಿಸಬೇಕು. ಎರಡನೇ ‘ಳ’ವನ್ನು ಒತ್ತಕ್ಷರ ಮಾಡಿ ಕೆಳಗೆ ಇಳಿಸಬೇಕು. ಕೊನೆಯಲ್ಲಿ ಬಂದ ಗುಡಿಸನ್ನು ಮೊದಲನೇ ‘ಳ’ಕ್ಕೆ ಅಂಟಿಸಬೇಕು. ಈ ನಿಯಮಗಳೆಲ್ಲ ಫಾಂಟ್ ಒಳಗೆ ಬರೆದಿರುತ್ತವೆ. ಆದರೆ ಓದಿ ಜಾರಿ ಮಾಡೋರು ಬೇಕು. ಮುಕ್ತ ತಂತ್ರಾಂಶದಲ್ಲಿ ಆ ಕೆಲಸ ಮಾಡೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಕ್ಯೂಟಿ, ಜಿಟಿಕೆ ಎಲ್ಲದರ ಒಳಗೂ ಅದೇ ಇದೆ. ನಿಮ್ಮ ಕ್ರೋಮಿಯಂ ಪೇಜಿನಲ್ಲಿ ಕನ್ನಡ ಸರಿಯಾಗಿ ಬಂದಿದ್ದು ಅದರಿಂದಲೇ.

ಎಲ್‌ವಿಜಿಎಲ್ ತುಂಬಾ ಒಳ್ಳೆಯ ಕೆಲಸ. 64 ಕೆಬಿ ಫ್ಲ್ಯಾಶ್, 16 ಕೆಬಿ ರ್‍ಯಾಮ್ ಇರುವ ಪುಟಾಣಿ ಚಿಪ್‌ನಲ್ಲೂ ಓಡಲಿ ಅಂತ ಮಾಡಿದ್ದು. ಆದರೆ ಅದು ತನ್ನಷ್ಟಕ್ಕೆ ಕನ್ನಡದ ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಜೋಡಿಸುವುದಿಲ್ಲ. ‘ನಿಲ್ಲಿಸಿ’ ಅನ್ನೋದು ‘ನಿಲ್‌ಲಿಸಿ’ ಆಗುತ್ತದೆ. ಅಷ್ಟೇ ಅಲ್ಲ, ‘ನ’ ಒಂದು ಕಡೆ, ಅದರ ಗುಡಿಸು ಇನ್ನೊಂದು ಕಡೆ ತೇಲುತ್ತದೆ. ಕೆಲವರು ಕನ್ನಡದ ಪದಗಳನ್ನೆಲ್ಲ ಮೊದಲೇ ಚಿತ್ರ ಮಾಡಿ ಇಟ್ಟುಕೊಂಡು ತೋರಿಸುತ್ತಾರೆ. ಹತ್ತು ಪದ ಇದ್ದರೆ ಪರವಾಗಿಲ್ಲ. ತಪ್ಪಿನ ಸಂದೇಶ, ರೈತರ ಹೆಸರು, ಊರಿನ ಹೆಸರು ಅಂತ ಬೆಳೆದರೆ ಮುಗಿಯಿತು.

ಇದನ್ನು ‘ಏನೋ ಸ್ವಲ್ಪ ಒಡೆದಿದೆ, ಅರ್ಥ ಆಗುತ್ತಲ್ಲ’ ಅಂತ ಬಿಡಬೇಡಿ. ಒಂದು ಸಲ ಸಾಗರದ ಕಡೆ ಒಂದು ಮನೆಯಲ್ಲಿ ಇಂಥದ್ದೇ ಪರದೆ ನೋಡಿದ್ದೆ. ರಾತ್ರಿ ಹೊತ್ತು, ಹೊರಗೆ ಜಡಿಮಳೆ. ಆ ಮನೆಯ ಅಮ್ಮ ಅಡಿಕೆ ಸುಲಿಯೋದು ಬಿಟ್ಟು ಎದ್ದು ಬಂದರು. ಹೆಬ್ಬೆರಳು ಚೊಗರಿನಿಂದ ಕಪ್ಪಾಗಿತ್ತು. ಪರದೆಯನ್ನು ಒಂದು ಕ್ಷಣ ದಿಟ್ಟಿಸಿ, “ಎಂತ ಮಾರಾಯ್ರೆ ಇದು, ಅಕ್ಷರಕ್ಕೆ ಕೈಕಾಲು ಮುರಿದ ಹಾಗಿದೆಯಲ್ಲ” ಅಂದರು. ಆಮೇಲೆ ಪರದೆ ಬಿಟ್ಟು ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸಿದರು. ಒಲೆಯಲ್ಲಿ ಬೆಂಕಿ ಹಾಗೇ ಇತ್ತು, ಗಾಳಿ ನಿಂತಿತು. ಓದಲು ಬಾರದ ಅಕ್ಷರ ಅಲ್ಲಿ ಬರೀ ಅಂದದ ವಿಷಯ ಆಗಿರಲಿಲ್ಲ.

ಹಾಗಾಗಿ ನನ್ನ ಸಲಹೆ ಕ್ಯೂಟಿ. 1995ರಿಂದ ಇದೆ, ನಾರ್ವೆಯಲ್ಲಿ ಹುಟ್ಟಿದ್ದು. ಅದರ ಒಳಗೇ ಹಾರ್ಫ್‌ಬಜ್ ಇದೆ. ನಿಮ್ಮ ಎರಡನೇ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಕ್ಯೂಟಿ ಪ್ರೋಗ್ರಾಂ ಪರದೆಯನ್ನು ತಾನೇ ಮುಟ್ಟುವುದಿಲ್ಲ. ನಡುವೆ ಒಂದು ‘ಪ್ಲಾಟ್‌ಫಾರ್ಮ್ ಪ್ಲಗಿನ್’ ಇರುತ್ತದೆ. ಡೆಸ್ಕ್‌ಟಾಪ್ ಇಲ್ಲದೆ ನೇರ ಕೆಎಂಎಸ್ ಮೇಲೆ ಓಡೋಕೆ ಇಜಿಎಲ್ಎಫ್ಎಸ್ ಅನ್ನೋ ಪ್ಲಗಿನ್. ವೇಲ್ಯಾಂಡ್‌ಗೆ ಬೇರೆ, ಎಕ್ಸ್‌ಗೆ ಬೇರೆ, ಗ್ರಾಫಿಕ್ಸ್ ಚಿಪ್ ಇಲ್ಲದ ಅಗ್ಗದ ಬೋರ್ಡ್‌ಗೆ ಲಿನಕ್ಸ್‌ಎಫ್‌ಬಿ ಅಂತ ಇನ್ನೊಂದು. ಪ್ರೋಗ್ರಾಂ ಶುರು ಮಾಡುವಾಗ ಯಾವುದು ಅಂತ ಒಂದು ಹೆಸರು ಹೇಳಿದರೆ ಸಾಕು. ಒಂದು ಎಚ್ಚರ: ಗ್ರಾಫಿಕ್ಸ್ ಚಿಪ್ ಇಲ್ಲದ ಬೋರ್ಡ್‌ನಲ್ಲಿ ಕ್ಯೂಎಂಎಲ್‌ನ (ಕ್ಯೂಟಿಯಲ್ಲಿ ಪರದೆಯ ವಿನ್ಯಾಸ ಬರೆಯುವ ಭಾಷೆ) ಶೇಡರ್, ನೆರಳು, ಮಸುಕು ಇಂಥ ಅಲಂಕಾರ ಓಡುವುದಿಲ್ಲ. ಮೊದಲಿಂದಲೇ ಸಾದಾ ಬಣ್ಣ, ಸಾದಾ ಗೆರೆಯಲ್ಲಿ ಮಾಡಿ.

ಶುರುವಿನಲ್ಲೇ ಎಲ್ಲರೂ ಎಡವುವ ಜಾಗ ಒಂದಿದೆ. ಡೆಸ್ಕ್‌ಟಾಪ್ ಓಡುತ್ತಿರುವಾಗಲೇ ಇಜಿಎಲ್ಎಫ್ಎಸ್ ಕೊಟ್ಟರೆ ಪ್ರೋಗ್ರಾಂ ತೆರೆಯೋದೇ ಇಲ್ಲ. ಪರದೆಯ ಯಜಮಾನಿಕೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಅದನ್ನು ಡೆಸ್ಕ್‌ಟಾಪ್ ಆಗಲೇ ಹಿಡಿದುಕೊಂಡಿರುತ್ತದೆ. ಡೆಸ್ಕ್‌ಟಾಪ್ ಬದಲು ಬರೀ ಅಕ್ಷರದ ಕನ್ಸೋಲ್‌ಗೆ ಬೂಟ್ ಆಗುವ ಹಾಗೆ ಬದಲಾಯಿಸಿ, ಆಮೇಲೆ ನೋಡಿ.

ಲೈಸೆನ್ಸ್ ಬಗ್ಗೆ ಒಂದೇ ಮಾತು. ಕ್ಯೂಟಿಯ ಮುಖ್ಯ ಭಾಗಗಳು ಎಲ್‌ಜಿಪಿಎಲ್ 3ರಲ್ಲಿ ಸಿಗುತ್ತವೆ, ನಿಮ್ಮ ಪ್ರೋಗ್ರಾಂ ಮುಚ್ಚಿಟ್ಟುಕೊಂಡರೂ ಬಳಸಬಹುದು. ಆದರೆ ವರ್ಚುವಲ್ ಕೀಬೋರ್ಡ್‌ನಂಥ ಕೆಲವು ಭಾಗ ಜಿಪಿಎಲ್, ಅಂದರೆ ಬಳಸಿ ಮಾರಿದರೆ ನಿಮ್ಮ ಪ್ರೋಗ್ರಾಂ ಮುಚ್ಚಿಡೋಕೆ ಆಗದ ಲೈಸೆನ್ಸ್. ಡಬ್ಬಿ ಮಾರೋ ಯೋಚನೆ ಇದ್ದರೆ ಯಾವ ಭಾಗ ಬಳಸಿದ್ದೀರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಫಾಂಟ್ ಕೂಡ ನೀವೇ ಹಾಕಬೇಕು. ಸಣ್ಣ ಲಿನಕ್ಸ್‌ನಲ್ಲಿ ಕನ್ನಡ ಫಾಂಟ್ ಬಂದಿರೋದಿಲ್ಲ. ಇಲ್ಲೊಂದು ಗುರುತು ನೆನಪಿಡಿ. ಪರದೆಯ ಮೇಲೆ ಬರೀ ಚೌಕ ಡಬ್ಬಿ ಬಂದರೆ ಫಾಂಟ್ ಇಲ್ಲ ಅಂತ. ಅಕ್ಷರ ಬಂದು ಒತ್ತು ಕೂರದಿದ್ದರೆ ಜೋಡಿಸೋರಿಲ್ಲ ಅಂತ. ಎರಡೂ ಬೇರೆ ಬೇರೆ ತೊಂದರೆ, ಎಷ್ಟೋ ಜನ ಎರಡನೆಯದಕ್ಕೆ ಫಾಂಟ್ ಬದಲಿಸುತ್ತಾ ದಿನ ಕಳೆಯುತ್ತಾರೆ. ಡೆಬಿಯನ್‌ನಲ್ಲಿ (ರಾಸ್ಪ್‌ಬೆರಿ ಪೈ ಓಎಸ್ ಇದರ ಮೇಲೇ ಕಟ್ಟಿದ್ದು) ಲೋಹಿತ್, ನವಿಲು, ಗುಬ್ಬಿ ಎಲ್ಲ ಸಿಗುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಕೂಡ ಮುಕ್ತ. ದಪ್ಪ ಅಕ್ಷರ ಬೇಕಾದಾಗ ನಾನು ನೋಟೋ ಹಾಕುತ್ತೇನೆ. ದೂರದಿಂದ ಓದೋಕೆ ಅದು ಚೆನ್ನ.

ಬಟನ್‌ನ ಎತ್ತರವನ್ನು ಇಂಗ್ಲಿಷ್ ಅಕ್ಷರ ಇಟ್ಟು ಅಳೆಯಬೇಡಿ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ಲಕ್ಷ್ಮಿ’ ಅಂತ ಬರೆದು ನೋಡಿ, ಬುಡ ಕತ್ತರಿಸಿ ಹೋಗದಿದ್ದರೆ ಎತ್ತರ ಸರಿ ಇದೆ. ಹೆಸರು ಆರಿಸುವಾಗಲೂ ಮನೆಯಲ್ಲಿ ಆಡುವ ಮಾತೇ ಇರಲಿ. ‘ಉಷ್ಣಾಂಶ ನಿಯಂತ್ರಣ’ ಬೇಡ, ‘ಕಾವು’ ಸಾಕು. ‘ಗಾಳಿ’, ‘ಒಲೆ’, ‘ನಿಲ್ಲಿಸಿ’. ಪರದೆಯಲ್ಲಿ ಜಾಗವೂ ಉಳಿಯುತ್ತದೆ.

ಇನ್ನು ಬೆರಳು. ನಿಮ್ಮ ಪರದೆಯ ಕಾಣುವ ಭಾಗ ಸುಮಾರು 154 ಮಿಲಿಮೀಟರ್ ಅಗಲ, ಅದರಲ್ಲಿ 800 ಪಿಕ್ಸೆಲ್. ಅಂದರೆ ಒಂದು ಮಿಲಿಮೀಟರ್‌ಗೆ 5 ಪಿಕ್ಸೆಲ್ ಚಿಲ್ಲರೆ. ಫೋನಿಗೆ ಆಂಡ್ರಾಯ್ಡ್ ಹೇಳುವ ಅಳತೆ ಸುಮಾರು 9 ಮಿಲಿಮೀಟರ್. ಅದು ಕೂತು, ಒಣಗಿದ ಕೈಯಲ್ಲಿ ಫೋನ್ ಹಿಡಿದವರಿಗೆ. ನಿಮ್ಮವರು ಚೊಗರು ಕೈಯಲ್ಲಿ, ನಿಂತುಕೊಂಡು, ಒಲೆಯ ಹೊಗೆಯಲ್ಲಿ ಒತ್ತುತ್ತಾರೆ. 15 ಮಿಲಿಮೀಟರ್‌ಗಿಂತ ಚಿಕ್ಕದು ಮಾಡಬೇಡಿ, ಅಂದರೆ ಸುಮಾರು 80 ಪಿಕ್ಸೆಲ್. ಅಕ್ಷರಕ್ಕೂ ಹಿನ್ನೆಲೆಗೂ ಕಪ್ಪು ಬಿಳುಪಿನ ವ್ಯತ್ಯಾಸ ಚೆನ್ನಾಗಿರಲಿ. ವೆಬ್‌ಗೆ ಮಾಡಿದ ಡಬ್ಲ್ಯುಸಿಎಜಿ ನಿಯಮ ಕನಿಷ್ಠ 4.5ಕ್ಕೆ 1 ಅನ್ನುತ್ತದೆ. ಹೊಗೆ ಇರುವಲ್ಲಿ ನಾನು ಅದರ ಎರಡರಷ್ಟು ಇಡುತ್ತೇನೆ.

ಒದ್ದೆ ಕೈಗೆ ಇನ್ನೊಂದು ತೊಂದರೆ ಇದೆ. ನಿಮ್ಮದು ಕೆಪ್ಯಾಸಿಟಿವ್ ಟಚ್. ಬೆರಳಿನ ವಿದ್ಯುತ್ ಗುಣ ನೋಡಿ ಗುರುತಿಸುತ್ತದೆ. ನೀರ ಹನಿಯನ್ನೂ ಬೆರಳು ಅಂದುಕೊಳ್ಳಬಹುದು, ದಪ್ಪ ಕೈಗವಸು ಹಾಕಿದರೆ ಬೆರಳನ್ನೇ ಗುರುತಿಸದೆ ಇರಬಹುದು. ಒತ್ತಿದರೆ ಮಾತ್ರ ಕೆಲಸ ಮಾಡುವ ರೆಸಿಸ್ಟಿವ್ ಪರದೆ ಇಂಥ ಜಾಗಕ್ಕೆ ಒಳ್ಳೆಯದು. ಪರದೆ ಬದಲಿಸೋಕೆ ಆಗದಿದ್ದರೆ ಪಕ್ಕದಲ್ಲಿ ಮೂರು ಗಟ್ಟಿ ಬಟನ್ ಕೂರಿಸಿ: ಮೇಲೆ, ಕೆಳಗೆ, ಸರಿ. ಕರ್ನಲ್‌ನ ‘ಜಿಪಿಐಒ ಕೀಸ್’ ಡ್ರೈವರ್‌ಗೆ ಅವನ್ನು ತೋರಿಸಿಕೊಟ್ಟರೆ ಅವು ಕೀಬೋರ್ಡ್‌ನ ಬಾಣದ ಗುರುತು ಮತ್ತು ಎಂಟರ್ ಆಗಿ ಬರುತ್ತವೆ. ಕ್ಯೂಟಿಗೆ ಇದು ಕೀಬೋರ್ಡೋ ಅಡಿಕೆ ಡ್ರೈಯರ್‌ನ ಬಟನ್ನೋ ಗೊತ್ತೇ ಆಗುವುದಿಲ್ಲ. ಮಹಡಿಯ ಒಪ್ಪಂದದಿಂದ ಸಿಗುವ ಲಾಭ ಆಮೇಲೆ ಹೇಳ್ತೇನೆ ಅಂದೆನಲ್ಲ, ಅದು ಇದೇ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. ಪರದೆಯ ‘ನಿಲ್ಲಿಸಿ’ ಎಷ್ಟೇ ಚೆನ್ನಾಗಿರಲಿ, ತುರ್ತಿಗೆ ಅದನ್ನು ನಂಬಬೇಡಿ. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಣಬೆ ಆಕಾರದ ಬಟನ್ ನೋಡಿರ್ತೀರಿ, ಅದು ಐಎಸ್‌ಒ 13850ರ ಗುರುತು. ಅಂಥದ್ದೊಂದನ್ನು ತಂತಿಯಿಂದಲೇ ಜೋಡಿಸಿ. ನಿಮ್ಮದು ಕಟ್ಟಿಗೆ ಒಲೆ ಆದ್ದರಿಂದ ಅದು ಏನನ್ನು ನಿಲ್ಲಿಸಬೇಕು ಅಂತ ಮೊದಲೇ ಯೋಚಿಸಿ. ಒಲೆಗೆ ಗಾಳಿ ಊದುವ ಬ್ಲೋವರ್ ನಿಲ್ಲಬೇಕು. ಅಡಿಕೆಯ ಮೇಲೆ ಹಾಯುವ, ಕಾವು ಹೊರಹಾಕುವ ಫ್ಯಾನ್ ನಿಲ್ಲಬಾರದು. ಹಾಗೆಯೇ ಕಾವು ನೋಡಿಕೊಳ್ಳುವ ಪ್ರೋಗ್ರಾಂ ಬೇರೆ, ಪರದೆಯ ಪ್ರೋಗ್ರಾಂ ಬೇರೆ ಇರಲಿ. ಇಬ್ಬರೂ ಒಂದೇ ಬೋರ್ಡ್‌ನಲ್ಲಿ ಎಂಕ್ಯೂಟಿಟಿ ಅನ್ನೋ ಸಂದೇಶ ಪದ್ಧತಿಯ ಮೂಲಕ ಮಾತಾಡಲಿ. ಪರದೆ ಹ್ಯಾಂಗ್ ಆದರೂ ಫ್ಯಾನ್ ತಿರುಗುತ್ತಿರುತ್ತದೆ, ಹಾಗೆ ಹೊಂದಿಸಿಟ್ಟರೆ, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಪರದೆಯ ಪ್ರೋಗ್ರಾಮನ್ನು ಮತ್ತೆ ಎಬ್ಬಿಸುತ್ತದೆ.

ಕರೆಂಟ್ ಹೋಗಿ ಬರುವ ಊರಿನಲ್ಲಿ ಮೆಮೊರಿ ಕಾರ್ಡ್ ಕೆಡೋದು ಹೊಸದಲ್ಲ. ರಾಸ್ಪ್‌ಬೆರಿ ಪೈನ ಸೆಟ್ಟಿಂಗ್ಸ್ ಟೂಲ್ ರಾಸ್ಪಿ-ಕಾನ್ಫಿಗ್‌ನಲ್ಲಿ ‘ಓವರ್‌ಲೇ ಫೈಲ್ ಸಿಸ್ಟಮ್’ ಅಂತ ಇದೆ, ಆನ್ ಮಾಡಿ. ಕಾರ್ಡ್‌ಗೆ ಬರೆಯೋದು ನಿಲ್ಲುತ್ತದೆ. ಸೆಟ್ಟಿಂಗ್ಸ್ ಉಳಿಸೋಕೆ ಮಾತ್ರ ಚಿಕ್ಕದೊಂದು ಬೇರೆ ಪಾರ್ಟಿಷನ್ ಇಟ್ಟುಕೊಳ್ಳಿ.

ಕೊನೆಗೆ ಆ ಉಲ್ಟಾ ಟಚ್. ನೀವು ಚಿತ್ರ ತಿರುಗಿಸಿದ್ದು ಪರದೆಯ ದಾರಿಯಲ್ಲಿ. ಬೆರಳು ಬರೋದು ಬೇರೆ ದಾರಿಯಲ್ಲಿ, ಅದಕ್ಕೆ ಈ ಸುದ್ದಿ ಗೊತ್ತಿಲ್ಲ. ಪ್ರೋಗ್ರಾಂ ಒಳಗೆ ಲೆಕ್ಕ ಹಾಕಿ ಸರಿ ಮಾಡೋಕೆ ಹೋಗಬೇಡಿ. ಜೋಡಿಸಿದ ಸಾಧನಗಳನ್ನು ಗುರುತಿಸುವ ಯೂಡೆವ್‌ನ ನಿಯಮದಲ್ಲಿ ಲಿಬ್‌ಇನ್‌ಪುಟ್‌ನ ಕ್ಯಾಲಿಬ್ರೇಷನ್ ಮ್ಯಾಟ್ರಿಕ್ಸ್‌ಗೆ ಈ ಆರು ಅಂಕಿ ಕೊಡಿ: -1 0 1 0 -1 1. ಮೊದಲ ಮೂರು ಅಡ್ಡ ದಿಕ್ಕಿಗೆ, ಉಳಿದ ಮೂರು ಉದ್ದಕ್ಕೆ. ಮುಟ್ಟಿದ ಜಾಗವನ್ನು 1ರಿಂದ ಕಳೆಯೋದು ಅಂತ ಇದರ ಅರ್ಥ, ಪೂರ್ತಿ ತಲೆಕೆಳಗು. ಇವತ್ತು ಇಜಿಎಲ್ಎಫ್ಎಸ್ ಮೇಲೆ ಓಡಿಸಿ, ನಾಳೆ ವೆಸ್ಟನ್ ಹಾಕಿ, ಈ ಸಾಲು ಹಾಗೇ ನಡೆಯುತ್ತದೆ. ರೀಬೂಟ್ ಮಾಡಿ ಪರದೆಯ ನಾಲ್ಕು ಮೂಲೆಯಲ್ಲೂ ಒಂದೊಂದು ಬಟನ್ ಇಟ್ಟು ಒತ್ತಿ ನೋಡಿ. ಎಡ ಬಲ ಮಾತ್ರ ಇನ್ನೂ ಅದಲು ಬದಲಾಗಿದ್ದರೆ ಮೊದಲ ಮೂರನ್ನು 1 0 0 ಮಾಡಿ.